ಎತ್ತುವವರು ಯಾರು?

ಈ ಸಂಚಿಕೆಯಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಬಗ್ಗೆ ಒಂದು ಲೇಖನವಿದೆ. ಬರೆದವಳು ಸಾಗರದ ಕಡೆಯ ಹುಡುಗಿ, ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಓದಲು ನಿಮಗೆ ಹತ್ತು ನಿಮಿಷ ಸಾಕು. ಆದರೆ ಅದು ನಮ್ಮ ಮೇಜಿಗೂ ಅವಳ ಹಾಸ್ಟೆಲಿಗೂ ನಡುವೆ ನಾಲ್ಕು ಸಲ ಓಡಾಡಿದೆ. ಆ ಓಡಾಟದ ಕಥೆಯನ್ನು ಅವಳ ಒಪ್ಪಿಗೆ ಕೇಳಿಯೇ ಇಲ್ಲಿ ಹೇಳುತ್ತಿದ್ದೇನೆ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಜಲಾಶಯದ ನೀರು ತೀರಾ ಇಳಿದ ವರ್ಷ ಮಡೆನೂರಿನ ಬಳಿ ಈ ಹಳೆಯ ಅಣೆಕಟ್ಟು ಮೈದೋರುತ್ತದೆ. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲೆಂದು 1940ರ ದಶಕದಲ್ಲಿ ಕಟ್ಟಿದ್ದು. ನೆರೆಯ ನೀರು ಹೊರಹೋಗಲು ಅಲ್ಲಿ 11 ಸೈಫನ್‌ಗಳಿವೆ, ಗಣೇಶ ಅಯ್ಯರ್ ಎಂಬ ಎಂಜಿನಿಯರ್ ರೂಪಿಸಿದವು. ನಡುರಾತ್ರಿ ಮಳೆ ಹೊಯ್ದು ಪ್ರವಾಹ ಬಂದರೂ ಯಾರೂ ಎದ್ದು ಹೋಗಿ ಏನನ್ನೂ ತಿರುಗಿಸಬೇಕಾಗಿರಲಿಲ್ಲ. ನೀರು ಮಟ್ಟ ಮೀರಿದರೆ ತಾನಾಗಿ ಹರಿಯುತ್ತಿತ್ತು, ಇಳಿದರೆ ತಾನಾಗಿ ನಿಲ್ಲುತ್ತಿತ್ತು.

ಹೇಗೆ? ಅವಳ ಮೊದಲ ಕರಡಿನ ಉತ್ತರ ಹೀಗಿತ್ತು: 'ಗುಮ್ಮಟದಲ್ಲಿ ನಿರ್ವಾತವು ಸೃಷ್ಟಿಸಲ್ಪಟ್ಟು, ಜಲಾಶಯದ ನೀರು ಮೇಲಕ್ಕೆ ಎತ್ತಲ್ಪಟ್ಟು, ಕೊಳವೆಯ ಮೂಲಕ ವಿಸರ್ಜಿಸಲ್ಪಡುತ್ತದೆ.'

ಒಂದೇ ವಾಕ್ಯದಲ್ಲಿ ಮೂರು 'ಲ್ಪಡು'. ಈ ತಪ್ಪು ಅವಳದ್ದಲ್ಲ. ಲ್ಯಾಬ್ ರೆಕಾರ್ಡಿನಲ್ಲಿ 'ನಾನು ಅಳೆದೆ' ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ಅಳೆದವರಿಲ್ಲದೆ ಅಳತೆ ನಡೆಯಬೇಕು. ವರ್ಷಗಟ್ಟಲೆ ಆ ಇಂಗ್ಲಿಷಿನಲ್ಲಿ ಪಳಗಿದ ಕೈ ಕನ್ನಡ ಬರೆಯಲು ಕುಳಿತಾಗ ಇನ್ನೇನು ಬರೆದೀತು? ಆದರೆ ಕನ್ನಡ ಮಾತಾಡುವವರು ಯಾರೂ 'ಊಟ ಮಾಡಲ್ಪಟ್ಟಿತು' ಅನ್ನುವುದಿಲ್ಲ. ನಮ್ಮಲ್ಲಿ ಡಿ.ಟಿ.ಪಿ. ಮಾಡುವವರು ಕರಡು ನೋಡಿ ಕೇಳಿದ್ದು ಒಂದೇ ಮಾತು: "ಅಲ್ಲಾ ಸರ್, ನೀರನ್ನ ಎತ್ತೋರು ಯಾರು?"

ಅದನ್ನೇ ಫೋನಿನಲ್ಲಿ ಅವಳಿಗೆ ದಾಟಿಸಿದೆ. "ನಿರ್ವಾತ ಎಳೆಯುತ್ತೆ ಸರ್" ಅಂದಳು. ಏನೂ ಇಲ್ಲದ ಜಾಗ ಹೇಗಮ್ಮಾ ಎಳೆಯುತ್ತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ನಾಳೆ ಹೇಳ್ತೀನಿ ಸರ್." ಆ ನಾಳೆ ಬರಲು ಒಂದು ವಾರ ಹಿಡಿಯಿತು. ಇದೇ ಪಾಠದ ಪರೀಕ್ಷೆಯಲ್ಲಿ ತನಗೆ ಒಳ್ಳೆಯ ಅಂಕ ಬಂದಿತ್ತೆಂದು ಆಮೇಲೆ ನಗುತ್ತ ಹೇಳಿದಳು.

ಎರಡನೆಯ ಕರಡಿನಲ್ಲಿ ಪ್ರತಿ ಕೆಲಸಕ್ಕೂ ಒಬ್ಬ ಕರ್ತೃ ಸಿಕ್ಕಿದ್ದ. ಜಲಾಶಯದೊಳಗೆ ದೊಡ್ಡ ಲಾಳಿಕೆಯೊಂದನ್ನು ನಿಲ್ಲಿಸಿದ್ದಾರೆ. ಅದರ ಬಾಯಂಚು ಜಲಾಶಯ ತುಂಬಿದಾಗಿನ ಮಟ್ಟಕ್ಕಿದೆ. ಅದರ ಮೇಲೆ, ಬೋರಲು ಹಾಕಿದ ಬೋಗುಣಿಯಂತೆ ಗುಮ್ಮಟ. ನೀರು ಅಂಚು ಮೀರಿದಾಗ ಲಾಳಿಕೆಯೊಳಗಿನ ಸುರುಳಿ ಪಟ್ಟಿಗಳು ಅದನ್ನು ಸುತ್ತಿಸುತ್ತ ಇಳಿಸುತ್ತವೆ. ಸುಳಿಯಾಗಿ ಇಳಿಯುವ ನೀರು ಗುಮ್ಮಟದೊಳಗಿನ ಗಾಳಿಯನ್ನು ತನ್ನೊಂದಿಗೆ ಹೊತ್ತೊಯ್ಯುತ್ತದೆ. ಒಳಗೆ ಗಾಳಿಯ ಒತ್ತಡ ಕುಗ್ಗುತ್ತದೆ. ಹೊರಗೆ ಇಡೀ ಜಲಾಶಯವನ್ನು ಅದುಮಿ ಕೂತ ಗಾಳಿ ಮೊದಲಿನಷ್ಟೇ ಇದೆಯಲ್ಲ, ಅದು ನೀರನ್ನು ಗುಮ್ಮಟದೊಳಕ್ಕೆ ಏರಿಸುತ್ತದೆ. ಎತ್ತುವವರು ಸಿಕ್ಕರು.

ಮೂರನೆಯ ಸಲ ಅವಳು ಒಂದು ಹೋಲಿಕೆ ತಂದಳು. ಕೆಲವರ ಮನೆಗಳಲ್ಲಿ ಹಿತ್ತಾಳೆಯ ಬಟ್ಟಲೊಂದು ಇರುತ್ತದೆ. ನಡುವೆ ಕೂಸು ಕೃಷ್ಣನನ್ನು ಹೊತ್ತ ವಸುದೇವ. ನೀರು ಹೊಯ್ಯುತ್ತ ಹೋದರೆ ಏರುತ್ತದೆ, ಕೃಷ್ಣನ ಪಾದ ಮುಟ್ಟಿದ್ದೇ ತಡ ತಳದಿಂದ ಸರ್ರನೆ ಇಳಿದು ಹೋಗುತ್ತದೆ. ಯಮುನೆ ದಾರಿ ಬಿಟ್ಟ ಕಥೆ. ವಸುದೇವನ ಮೈಯೊಳಗೆ ಅಡಗಿರುವುದೂ ಬಾಗಿದ ಕೊಳವೆಯೇ, ಅದೂ ಸೈಫನ್ನೇ. ಓದಿ ನನಗೆ ಕುಣಿಯುವಷ್ಟು ಖುಷಿಯಾಯಿತು, ಹಾಗೇ ಅಚ್ಚಿಗೆ ಕಳಿಸಲು ಹೊರಟೆ. ತಡೆದವಳು ಅವಳೇ. ಬಟ್ಟಲು ಪೂರ್ತಿ ಬರಿದಾಗುತ್ತದೆ ಸರ್, ಅಣೆಕಟ್ಟು ಬರಿದಾಗಬಾರದಲ್ಲ! ಆದ್ದರಿಂದ ಇನ್ನೊಂದು ಪ್ಯಾರಾ ಬಂತು: ನೀರು ಮಟ್ಟಕ್ಕಿಳಿದಾಗ ಗುಮ್ಮಟದೊಳಕ್ಕೆ ಗಾಳಿ ನುಗ್ಗಲು ಒಂದು ದಾರಿಯಿದೆ, ಗಾಳಿ ಹೊಕ್ಕೊಡನೆ ಹರಿವು ಕಡಿದುಬೀಳುತ್ತದೆ. ಹೋಲಿಕೆ ಕೊಡುವುದು ನಮ್ಮಂಥ ಸಾಹಿತ್ಯದವರಿಗೂ ಬರುತ್ತದೆ. ಅದು ಎಲ್ಲಿ ಮುರಿಯುತ್ತದೆ ಎಂದು ಹೇಳುವುದನ್ನು ಆ ಹುಡುಗಿಯಿಂದ ನಾನು ಕಲಿತೆ.

ಇದೆಲ್ಲ ಬರೀ ಭಾಷೆಯ ಚೊಕ್ಕತನದ ಮಾತು ಎಂದುಕೊಳ್ಳುವವರಿಗೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯನ್ನು ನೆನಪಿಸಬೇಕು. 2003ರ ಜನವರಿ 16ರಂದು ಉಡಾವಣೆಯಲ್ಲಿ ಫೋಮಿನ ತುಂಡೊಂದು ಅದರ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿರುವಾಗಲೇ ಎಂಜಿನಿಯರುಗಳು ಮೇಲಧಿಕಾರಿಗಳಿಗೆ ಸ್ಲೈಡುಗಳಲ್ಲಿ ವರದಿ ಕೊಟ್ಟರು. ಅವರ ಅಂದಾಜಿನಲ್ಲಿ ಬಡಿದ ತುಂಡಿನ ಗಾತ್ರ, ಪರೀಕ್ಷೆಗಳಲ್ಲಿ ಬಳಸಿದ್ದರ 640 ಪಟ್ಟು. ಆ ಸಂಗತಿ ಕೂತಿದ್ದು ಒಂದು ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿ, ಅದೂ ಭಾಗಿಸಿ ನೋಡಿದವರಿಗೆ ಮಾತ್ರ ತಿಳಿಯುವಂತೆ ಎರಡು ಬಿಡಿ ಅಂಕಿಗಳಾಗಿ. 'ಗಣನೀಯ' ಎಂಬರ್ಥದ ಪದ ಮಾತ್ರ ಅದೇ ಸ್ಲೈಡಿನಲ್ಲಿ ಐದು ಸಲ ಬಂದಿತ್ತು. ಎಷ್ಟಾದರೆ ಗಣನೀಯ ಎಂದು ಒಮ್ಮೆಯೂ ಹೇಳಿರಲಿಲ್ಲ. ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹಿಂದಿರುಗಲಿಲ್ಲ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನೂ ಎತ್ತಿ ತೋರಿಸಿತು.

ನಾಲ್ಕನೆಯ ಕರಡಿನಲ್ಲಿ ಒಂದೇ ಒಂದು 'ಲ್ಪಡು' ಉಳಿದಿತ್ತು, ಕೊನೆಯ ಪ್ಯಾರಾದಲ್ಲಿ: 'ಲಿಂಗನಮಕ್ಕಿ ಅಣೆಕಟ್ಟು ಬಂದಾಗ, 1964ರಲ್ಲಿ, ಹಿರೇಭಾಸ್ಕರ ಮುಳುಗಿಸಲ್ಪಟ್ಟಿತು.' ಅಭ್ಯಾಸಬಲದಿಂದ ಅಡಿಗೆರೆ ಎಳೆದು ಕಳಿಸಿದೆ. ಈ ಸಲ ಅವಳೇ ಫೋನು ಮಾಡಿದಳು. "ಏನು ಬರೀಲಿ ಸರ್? ಸರ್ಕಾರ ಮುಳುಗಿಸ್ತು ಅನ್ಲಾ? ನೀರು ಮುಳುಗಿಸ್ತು ಅನ್ಲಾ? ನಮ್ಮಜ್ಜಿ ಮನೆ ಗದ್ದೆನೂ ಆಗಲೇ ಹೋಗಿದ್ದು." ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ; ನಿನಗೆ ಸರಿ ಕಂಡದ್ದು ಬರಿ ಅಂದೆ. ಅಚ್ಚಿನಲ್ಲಿ ಈಗ ಆ ವಾಕ್ಯ 'ಎಂಜಿನಿಯರುಗಳೇ ಮುಳುಗಿಸಿದರು' ಎಂದಿದೆ.