ಅಜ್ಜನ ಬೀಸುಬಲೆ

ಮಕ್ಕಳೇ, ಈ ವಾರ ನನಗಿಂತ ಹಿರಿಯ ವಯಸ್ಸಿನ ಒಂದು ಬಲೆಯ ಕಥೆ ಹೇಳುತ್ತೇನೆ. ಅಜ್ಜ ಅಜ್ಜಿಯರೂ ಕನ್ನಡಕ ಏರಿಸಿಕೊಂಡು ಜೊತೆಗೆ ಕೂರಬಹುದು.

ನಮ್ಮ ಮನೆ ಗಂಗೊಳ್ಳಿಯ ಹತ್ತಿರ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವುದು ಅಲ್ಲೇ. ಸಿಹಿನೀರು, ಉಪ್ಪುನೀರು ಬೆರೆಯುವ ಆ ಅಳಿವೆಯಲ್ಲಿ ಸಿಗಡಿ, ಏಡಿ, ಕಾಣೆ ಎಲ್ಲಾ ಸಿಗುತ್ತಿದ್ದವು. ಅವನ್ನು ಹಿಡಿಯಲು ನಮ್ಮಜ್ಜನ ಬಳಿ ಇದ್ದದ್ದು ಒಂದೇ ಒಂದು ಬೀಸುಬಲೆ.

ಬೀಸುಬಲೆ ನೋಡದವರು ಒಂದು ದೊಡ್ಡ ಕೊಡೆಯನ್ನು ಊಹಿಸಿಕೊಳ್ಳಿ. ಬಟ್ಟೆಯ ಬದಲು ನೂಲಿನ ಜಾಲ, ಅಂಚಿನ ಸುತ್ತ ಸೀಸದ ಗುಂಡುಗಳು, ನಡುವಿನಿಂದ ಹೊರಟ ಹಗ್ಗದ ತುದಿ ಬೀಸುವವರ ಮಣಿಕಟ್ಟಿಗೆ. ಅಜ್ಜ ಬಲೆಯ ಒಂದು ಪಾಲನ್ನು ಮೊಣಕೈ ಮೇಲೆ ಹಾಕಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬೀಸಿದರೆ ಅದು ಗಾಳಿಯಲ್ಲೇ ದುಂಡಗೆ ಅರಳಿ ನೀರಿಗೆ ಬೀಳುತ್ತಿತ್ತು. (ಸೀಸ ಹೊಟ್ಟೆಗೆ ಹೋದರೆ ವಿಷ. ನೀವು ಬಾಯಿಗೆ ಹಾಕಬೇಡಿ!) ಮೀನು ಓಡುವ ಮೊದಲೇ ಗುಂಡುಗಳು ತಳ ಮುಟ್ಟಬೇಕು. ಆಮೇಲೆ ಹಗ್ಗ ಮೆಲ್ಲಗೆ ಎಳೆದರೆ ಗುಂಡುಗಳೆಲ್ಲ ಒಂದೆಡೆ ಸೇರಿ, ಚೀಲದ ಬಾಯಿ ಮುಚ್ಚಿದಂತಾಗುತ್ತದೆ.

ಆ ಬಲೆ ಹತ್ತಿನೂಲಿನದು. ಒದ್ದೆಯಾದ ಹತ್ತಿ ಬೇಗ ಕೊಳೆಯುತ್ತದೆ. ಅದಕ್ಕೇ ಅಜ್ಜ ಮರದ ತೊಗಟೆಯನ್ನು ಹಂಡೆಯಲ್ಲಿ ಕುದಿಸಿ, ಆ ಕೆಂಪು ಕಷಾಯದಲ್ಲಿ ಬಲೆಯನ್ನು ಅದ್ದಿ ಒಣಗಿಸುತ್ತಿದ್ದರು. ತೊಗಟೆಯ ಒಗರು ನೂಲನ್ನು ಕಾಯುತ್ತಿತ್ತು. ಅಂಗಳದ ತುಂಬ ಹರಡುತ್ತಿದ್ದ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಸಂಜೆ ಜಗಲಿಯಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ, ಹರಿದ ಕಡೆ ಗಂಟು ಹಾಕುವುದು ಅಜ್ಜನ ನಿತ್ಯದ ಕೆಲಸ. ಇವತ್ತು ಎರಡು ಕಣ್ಣು, ನಾಳೆ ನಾಲ್ಕು ಕಣ್ಣು. ಹೀಗೆ ದುರಸ್ತಿಯಾಗುತ್ತಾ ಕೊನೆಗೆ ಮೊದಲ ದಿನದ ನೂಲು ಅದರಲ್ಲಿ ಒಂದೆಳೆಯೂ ಉಳಿದಿರಲಿಲ್ಲವೇನೋ! ಆದರೂ ಅದು ಅದೇ ಬಲೆ. ಏಕೆಂದರೆ ಕಣ್ಣಿನ ಅಳತೆ ಬದಲಾಗಿರಲಿಲ್ಲ. ಎರಡು ಬೆರಳಗಲದ ಒಂದು ಬಿದಿರಿನ ಪಟ್ಟಿಗೆ ನೂಲು ಸುತ್ತಿಯೇ ಪ್ರತಿ ಗಂಟೂ ಬೀಳಬೇಕು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲ ತುಂಬಾ ಕಷ್ಟದ್ದು. ವಾರಗಟ್ಟಲೆ ದೊಡ್ಡ ಮೀನೇ ಇಲ್ಲ. ಮನೆಯಲ್ಲಿ ಒಂಬತ್ತು ಬಾಯಿ. ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಅಷ್ಟೇ. ನೆರೆಯವರೊಬ್ಬರು, "ಪಟ್ಟಿ ಸಣ್ಣದು ಮಾಡಿ, ಸಣ್ಣ ಕಣ್ಣಿನ ಬಲೆ ಹೆಣೆಯಿರಿ. ಮರಿಗಳಾದರೂ ಸಿಕ್ಕಾವು" ಎಂದರು. ಅಜ್ಜಿಯೂ ಹೌದೆಂದು ತಲೆಯಾಡಿಸಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬಲೆ ಹರಿದರೆ ಹೊಲಿಯಬಹುದು. ಹೊಳೆ ಬರಿದಾದರೆ ಎಂತ ಹೊಲಿಯುವುದು?" ಆ ವರ್ಷ ನಾವು ಗಂಜಿಯನ್ನೇ ಉಂಡೆವು. ಹಸಿವಾದಾಗ ನನಗೆ ಅಜ್ಜನ ಮೇಲೆ ಸಿಟ್ಟೂ ಬರುತ್ತಿತ್ತು.

ಮುಂದೆ ಬ್ಯಾಂಕಿಗೆ ಸೇರಿ ಲೆಡ್ಜರ್ ಬರೆಯತೊಡಗಿದಾಗ ಆ ಮಾತು ನನ್ನ ಭಾಷೆಯಲ್ಲಿ ಅರ್ಥವಾಯಿತು. ಮರಿಗಳು ಅಸಲು, ದೊಡ್ಡ ಮೀನು ಬಡ್ಡಿ. ಅಸಲನ್ನೇ ತಿಂದವನಿಗೆ ಬಡ್ಡಿ ಎಲ್ಲಿಂದ ಬರಬೇಕು? ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವಂತಿಲ್ಲ. ಮೀನುಗಳು ಮರಿ ಮಾಡಿ ಹೆಚ್ಚಲಿ ಎಂಬುದೇ ಇದರ ಉದ್ದೇಶ.

ಆಮೇಲೆ ನೈಲಾನ್ ಬಂತು. ಹಗುರ, ಗಟ್ಟಿ, ತೊಗಟೆಯ ಕಷಾಯ ಬೇಕಿಲ್ಲ. ಮೀನುಗಾರರ ಶ್ರಮ ಎಷ್ಟೋ ಇಳಿಯಿತು, ಅದು ಒಳ್ಳೆಯದೇ. ಆದರೆ ಕಡಲಲ್ಲಿ ಕಳೆದುಹೋದ ಹತ್ತಿಬಲೆ ಕೊಳೆತು ಇಲ್ಲವಾಗುತ್ತದೆ. ನೈಲಾನ್ ಬಲೆ ಹಾಗಲ್ಲ. ಒಡೆಯನಿಲ್ಲದಿದ್ದರೂ ವರ್ಷಗಟ್ಟಲೆ ಮೀನು, ಆಮೆಗಳನ್ನು ಸಿಕ್ಕಿಸಿ ಕೊಲ್ಲುತ್ತಲೇ ಇರುತ್ತದೆ. ಅದಕ್ಕೇ ಅಂಥದ್ದನ್ನು ಭೂತಬಲೆ ಎನ್ನುತ್ತಾರೆ. ಬೀಚಿಗೆ ಹೋದಾಗ ಬಲೆಯ ತುಂಡು ಕಂಡರೆ ದೊಡ್ಡವರಿಗೆ ತೋರಿಸಿ, ಕಸದ ಬುಟ್ಟಿಗೆ ಸೇರಿಸಿ.

ಅಜ್ಜನ ಬಲೆ ಈಗಿಲ್ಲ. ಬಿದಿರಿನ ಪಟ್ಟಿ ಮಾತ್ರ ನನ್ನ ಮೇಜಿನ ಮೇಲಿದೆ, ಕೈಯ ಎಣ್ಣೆ ಹತ್ತಿ ನುಣುಪಾಗಿದೆ. ಮೊಮ್ಮಗಳು ಅದನ್ನು ಸ್ಕೇಲ್ ಎಂದುಕೊಂಡು, "ತಾತ, ಇದರಲ್ಲಿ ಸೆಂಟಿಮೀಟರ್ ಗುರುತೇ ಇಲ್ಲವಲ್ಲ, ಇದರಿಂದ ಏನು ಅಳೆಯೋದು?" ಎಂದಳು.

"ಎಷ್ಟು ಸಾಕು ಅನ್ನೋದನ್ನ" ಎಂದೆ.