ನಾಯಿಗೂಡಿನ ನೆಲ

ಕಳೆದ ಚೈತ್ರದಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಗ್ರಾಮದಲ್ಲಿ ಗೃಹಪ್ರವೇಶಕ್ಕೆಂದು ನಮ್ಮನ್ನು ಬರಮಾಡಿಕೊಂಡಿದ್ದರು. ಮನೆಯ ಯಜಮಾನರು ಭಕ್ತಿವಂತರು, ಶ್ರಮಜೀವಿಗಳು. ಪ್ರಸಾದ ಮುಗಿದ ಮೇಲೆ ಮನೆಯನ್ನೆಲ್ಲ ಸುತ್ತಾಡಿಸಿ ತೋರಿಸಿದರು. ಪೂಜೆಯ ಕೋಣೆಗೆ ಬಿಳಿಯ ಅಮೃತಶಿಲೆ, ಪಡಸಾಲೆಗೆ ಕನ್ನಡಿಯಂತೆ ಹೊಳೆಯುವ ಟೈಲ್ಸು, ಅಡಿಗೆಮನೆಯ ಕಟ್ಟೆಗೆ ಕರಿಯ ಗ್ರಾನೈಟು. ಒಂದೊಂದರ ಆಯ್ಕೆಗೂ ಮನೆಯವರೆಲ್ಲ ಕೂಡಿ ವಾರಗಟ್ಟಲೆ ಚರ್ಚಿಸಿದ್ದರಂತೆ. ಕೊನೆಗೆ ಹಿತ್ತಲಿಗೆ ಬಂದೆವು. ಅಲ್ಲಿ ತಗಡು ಹೊದಿಸಿದ ಒಂದು ಗೂಡು. ಒಳಗೆ ವರ್ಷ ತುಂಬದ ಮುಧೋಳ ತಳಿಯ ನಾಯಿ. “ಪಡಸಾಲೆಯ ಟೈಲ್ಸು ಒಂದಿಷ್ಟು ಉಳಿದಿದ್ದವು ಶಾಸ್ತ್ರಿಗಳೇ, ಅವನ್ನೇ ಇದಕ್ಕೂ ಹಾಸಿಬಿಟ್ಟೆವು” ಎಂದರು ಯಜಮಾನರು. ನಮ್ಮನ್ನು ಕಂಡು ಸಂತೋಷದಿಂದ ಎದ್ದು ಬರಲು ಹೊರಟ ಆ ಪ್ರಾಣಿಯ ಹಿಂಗಾಲುಗಳು ಆಚೆಗೊಂದು ಈಚೆಗೊಂದು ಜಾರಿದವು. ಮತ್ತೆ ಎದ್ದಿತು, ಮತ್ತೆ ಜಾರಿತು. ಯಜಮಾನರು ನಕ್ಕರು. ನಮಗೆ ನಗು ಬರಲಿಲ್ಲ.

ತಾಳೆಗರಿಗಳ ನಡುವೆ ಆಯುಷ್ಯ ಕಳೆದವರಿಗೆ ನಾಯಿಗೂಡಿನ ಚಿಂತೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಕಾರಣವಿದೆ. ಅದನ್ನು ಹೇಳಿಕೊಳ್ಳುವುದು ಸಂತೋಷದ ಸಂಗತಿಯಲ್ಲವಾದರೂ ಹೇಳಲೇಬೇಕು.

ಹಲವು ವರ್ಷಗಳ ಹಿಂದೆ ನಮ್ಮ ತೋಟದ ಮನೆಗೆ ಕಾವಲಿಗೆಂದು ಒಂದು ಮರಿಯನ್ನು ತಂದಿದ್ದೆವು. ಮಣ್ಣಿನ ನೆಲದ ಮೇಲೆ ಗೂಡು ಕಟ್ಟಿ, ಸೆಗಣಿ ಸಾರಿಸಿ, ಅಚ್ಚುಕಟ್ಟು ಮಾಡಿದ್ದೆವು. ಆಷಾಢದ ಜಡಿಮಳೆಯಲ್ಲಿ ಮರಿಗೆ ವಾಂತಿ ಹತ್ತಿತು, ರಕ್ತಭೇದಿಯಾಯಿತು. ಮೂರನೆಯ ದಿನ ತೀರಿಕೊಂಡಿತು. ದುಃಖಪಟ್ಟೆವು. ಗೂಡನ್ನು ಗುಡಿಸಿ, ಮತ್ತೆ ಸಾರಿಸಿ, ಎರಡು ತಿಂಗಳು ಬಿಟ್ಟು ಇನ್ನೊಂದು ಮರಿಯನ್ನು ಅಲ್ಲಿಯೇ ಕಟ್ಟಿದೆವು. ಅದೂ ಅದೇ ರೀತಿಯಲ್ಲಿ ಹೋಯಿತು. ಆಗ ಪಶುವೈದ್ಯರು ನಮ್ಮನ್ನು ಕೂರಿಸಿಕೊಂಡು ತಿಳಿಹೇಳಿದರು: ಇದು ಪಾರ್ವೋ ಎಂಬ ವಿಷಾಣುವಿನ ರೋಗ. ಸತ್ತ ನಾಯಿಯ ಮಲದಿಂದ ಮಣ್ಣಿಗಿಳಿದ ವಿಷಾಣು ಅಲ್ಲಿ ತಿಂಗಳುಗಟ್ಟಲೆ, ಅನುಕೂಲವಿದ್ದರೆ ವರ್ಷದವರೆಗೂ ಜೀವ ಹಿಡಿದಿರುತ್ತದೆ. ನೀವು ಎರಡನೆಯ ಮರಿಯನ್ನು ಮೊದಲನೆಯದರ ರೋಗದ ಮೇಲೆಯೇ ಮಲಗಿಸಿದಿರಿ. ಮಣ್ಣನ್ನು ತೊಳೆಯಲು ಬರುವುದಿಲ್ಲ ಎಂಬ ಸಾಮಾನ್ಯ ಸಂಗತಿ ನಮಗೆ ಆ ದಿನದವರೆಗೆ ಹೊಳೆದಿರಲಿಲ್ಲ. ಎರಡೂ ಮರಿಗಳಿಗೆ ಚುಚ್ಚುಮದ್ದು ಹಾಕಿಸದೆ ಇದ್ದುದು ನಮ್ಮ ಮತ್ತೊಂದು ತಪ್ಪು. ಆರರಿಂದ ಎಂಟು ವಾರಗಳ ವಯಸ್ಸಿಗೆ ಆರಂಭಿಸಿ, ನಾಲ್ಕು ತಿಂಗಳಾಗುವವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಲಸಿಕೆ ಕೊಡಿಸಬೇಕು. ಯಾವ ನೆಲವೂ ಲಸಿಕೆಗೆ ಬದಲಾಗಲಾರದು.

ಮಣ್ಣಿನ ನೆಲವನ್ನು ಹೀಗೆ ತಳ್ಳಿಹಾಕುವಾಗ ಮನಸ್ಸಿಗೆ ನೋವಾಗುತ್ತದೆ. ಸೆಗಣಿ ಸಾರಿಸಿದ ನೆಲದ ಮೇಲೆ ಹುಟ್ಟಿ ಬೆಳೆದವರು ನಾವು. ಅದರ ತಂಪು, ಅದರ ಮೆತ್ತಗಿನ ಸ್ಪರ್ಶ ಯಾವ ಅಮೃತಶಿಲೆಗೂ ಇಲ್ಲ. ಮನುಷ್ಯರು ನಡೆದಾಡುವ ಒಳಮನೆಗೆ ಅದು ಒಪ್ಪುತ್ತದೆ. ಆದರೆ ನಾಯಿ ಮೂತ್ರ ಮಾಡುವ, ಮಳೆಯ ಇರಿಚಲು ಬಡಿಯುವ ಹೊರಗೂಡಿಗೆ ಒಪ್ಪುವುದಿಲ್ಲ. ತೇವವಾದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಒಡೆದು, ಹೆಚ್ಚುಕಡಿಮೆ ಒಂದು ವಾರದಲ್ಲಿ ಅದರ ಮರಿಗಳು ಚರ್ಮವನ್ನು ಕೊರೆದು ಒಳಸೇರುವಷ್ಟು ಬಲಿಯುತ್ತವೆ. ನಾಯಿಮರಿಯ ಕರುಳಿನಲ್ಲಿ ಸೇರಿ ರಕ್ತ ಹೀರಿ ಅದನ್ನು ಬಿಳಿಚಿಕೊಳ್ಳುವಂತೆ ಮಾಡುತ್ತವೆ. ಅಷ್ಟಕ್ಕೇ ಮುಗಿಯುವುದಿಲ್ಲ. ಬರಿಗಾಲಿನಲ್ಲಿ ಹಿತ್ತಲಲ್ಲಿ ಆಡುವ ಮಕ್ಕಳ ಅಂಗಾಲಿನಲ್ಲಿಯೂ ಇವು ಹೊಕ್ಕು, ಚರ್ಮದಡಿಯಲ್ಲಿ ಹಾವು ಹರಿದಂತೆ ಕೆಂಪು ಗೆರೆ ಎಳೆಯುತ್ತ ತುರಿಕೆ ಹಚ್ಚುತ್ತವೆ. ಬಿಸಿಲು ಮತ್ತು ಒಣಗು, ಈ ಎರಡೇ ಅವುಗಳ ವೈರಿಗಳು. ಆದ್ದರಿಂದ ನಾಯಿಗೂಡಿನ ನೆಲವೆಂಬುದು ನಾಯಿಯ ವಿಷಯ ಮಾತ್ರವಲ್ಲ, ಮನೆಯ ಮಕ್ಕಳ ವಿಷಯವೂ ಹೌದು.

ಹಾಗಾದರೆ ಗಟ್ಟಿ ನೆಲ ಬೇಕು, ತೊಳೆಯಲು ಬರಬೇಕು, ಆದರೆ ಜಾರಬಾರದು. ನಮ್ಮ ಸೀಮೆಯ ಗೃಹಸ್ಥರಿಗೆ ಕೈಗೆಟುಕುವುದು ಕಲಬುರಗಿ ಕಡೆಯ ಶಹಾಬಾದ ಫರಸಿ. ಬೂದುಬಣ್ಣದ ಈ ಸುಣ್ಣಕಲ್ಲನ್ನು ನಯಗೊಳಿಸದೆ ಒರಟು ಮೈಯನ್ನೇ ಮೇಲಾಗಿಸಿ ಹಾಸಿದರೆ ನಾಯಿಯ ಪಾದಕ್ಕೆ ಹಿಡಿತ ಸಿಗುತ್ತದೆ. ಅಂಗಡಿಯವರು ನಯಗೊಳಿಸಿದ್ದೇ ಚೆಂದವೆಂದು ಮಾರಲು ನೋಡುತ್ತಾರೆ, ಕಿವಿಗೊಡಬೇಕಾಗಿಲ್ಲ. ಕರಿಯ ಕಡಪಾ ಕಲ್ಲು ಬಿಸಿಲಿಗೆ ಬೇಗ ಕಾಯುತ್ತದೆ. ನೆರಳಿಲ್ಲದ ಕಡೆ ಅದನ್ನು ಹಾಸಿದರೆ ವೈಶಾಖದ ಮಧ್ಯಾಹ್ನ ಅಂಗಾಲು ಸುಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿ ದಾಟುವುದು ಹೊಸದಲ್ಲ, ಬಿಸಿಲಿಗೆ ಬಿದ್ದ ಕಲ್ಲು ಗಾಳಿಗಿಂತ ಇನ್ನೂ ಬಿಸಿಯಾಗಿರುತ್ತದೆ. ನಾಯಿಯ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಉಳಿದಂತೆ ತೇಕುವುದೊಂದೇ ಅದಕ್ಕೆ ತಂಪಾಗುವ ದಾರಿ. ಕಾದ ನೆಲದ ಮೇಲೆ ಕಟ್ಟಿದ ಪ್ರಾಣಿಗೆ ಎರಡೂ ಕಡೆಯಿಂದ ಶಿಕ್ಷೆ. ಕಲ್ಲು ಯಾವುದಾದರೂ ಇರಲಿ, ಬೇವಿನ ಅಥವಾ ಹೊಂಗೆಯ ನೆರಳು ಮೊದಲು.

ಫರಸಿ ಹಾಸುವವರು ಸಂದುಗಳ ಬಗ್ಗೆ ಉದಾಸೀನ ಮಾಡುತ್ತಾರೆ, ನಾಯಿಗೂಡಿಗೆ ಇದು ಸಾಕೆಂಬ ಭಾವನೆ. ನಿಜವಾಗಿ ಮನೆಯ ಪಡಸಾಲೆಗಿಂತ ಇಲ್ಲಿ ಸಂದು ಬಿಗಿಯಾಗಿರಬೇಕು. ನಾಯಿಯ ಮೈಯಲ್ಲಿ ರಕ್ತ ಕುಡಿದು ಉಬ್ಬಿದ ಕಂದು ಉಣ್ಣಿ ಕೆಳಗೆ ಬಿದ್ದು ಇಂಥ ಬಿರುಕುಗಳನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ಉಣ್ಣಿ ಇಡುವ ಮೊಟ್ಟೆಗಳು ಸಾವಿರಗಳ ಲೆಕ್ಕದಲ್ಲಿರುತ್ತವೆ. ನಾಯಿಗೆ ಎಷ್ಟೇ ಔಷಧ ಹಚ್ಚಿದರೂ ಉಣ್ಣಿ ಮತ್ತೆ ಮತ್ತೆ ಬರುವುದೇಕೆಂದು ಕೇಳುವವರು ಒಮ್ಮೆ ಗೂಡಿನ ನೆಲದ ಮತ್ತು ಗೋಡೆಯ ಸಂದುಗಳನ್ನು ದೀಪ ಹಿಡಿದು ನೋಡಲಿ. ಈ ಉಣ್ಣಿಗಳೇ ಎರ್ಲಿಕಿಯಾ, ಬಬೀಸಿಯಾ ಎಂಬ ರಕ್ತದ ರೋಗಗಳನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಸಂದುಗಳಿಗೆ ಸಿಮೆಂಟು ತುಂಬಿ, ನೆಲವೂ ಗೋಡೆಯೂ ಕೂಡುವ ಮೂಲೆಯನ್ನು ದುಂಡಗೆ ತಿರುಗಿಸಿಬಿಟ್ಟರೆ ಕಸಬರಿಗೆಯೂ ಓಡಾಡುತ್ತದೆ, ಉಣ್ಣಿಗೂ ಮನೆಯಿಲ್ಲ.

ಈ ಕಾರಣದಿಂದ ಸಂದೇ ಇಲ್ಲದ ಕಾಂಕ್ರೀಟು ಮೇಲು ಎನ್ನುವವರಿದ್ದಾರೆ. ಅದನ್ನು ನಾವೂ ಒಪ್ಪುತ್ತೇವೆ, ಒಂದೆರಡು ಎಚ್ಚರಿಕೆಗಳೊಂದಿಗೆ. ಕೆಳಗೆ ಗರಸು ಬಡಿದು, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಬೆರೆಸಿ ನಾಲ್ಕು ಅಂಗುಲ ದಪ್ಪ ಹಾಕಿದರೆ ಸಾಕು. ಮೇಲ್ಮೈಯನ್ನು ಕರಣೆಯಿಂದ ತಿಕ್ಕಿ ಹೊಳಪಿಸದೆ, ಹಸಿಯಿರುವಾಗಲೇ ಕಸಬರಿಗೆ ಎಳೆದು ಸಣ್ಣ ಗೆರೆ ಮೂಡಿಸಬೇಕು. ಕನಿಷ್ಠ ಏಳು ದಿನ ನೀರುಣಿಸಬೇಕು. ಹಸಿ ಸಿಮೆಂಟಿನ ಕ್ಷಾರ ಪಾದವನ್ನು ಸುಡುವುದರಿಂದ ಅಲ್ಲಿಯವರೆಗೆ ನಾಯಿಯನ್ನು ಹತ್ತಿರ ಬಿಡಬಾರದು. ಬರಿಯ ಕಾಂಕ್ರೀಟು ಮೂತ್ರವನ್ನು ಹೀರಿ ವಾಸನೆ ಹಿಡಿಯುತ್ತದೆ. ಅದಕ್ಕೆಂದೇ ದೊರೆಯುವ ಲೇಪವನ್ನು ಒಂದೆರಡು ಕೈ ಬಳಿಯುವುದು ಒಳ್ಳೆಯದು. ಜಲ್ಲಿಕಲ್ಲು ಹರವುವವರೂ ಉಂಟು. ನೀರು ಇಂಗುತ್ತದೆ ಎಂಬುದು ನಿಜ, ಮಲವೂ ಕಲ್ಲುಗಳ ನಡುವೆ ಇಂಗುತ್ತದೆ ಎಂಬುದೂ ನಿಜ. ಮರಿಗಳು ಕಲ್ಲು ನುಂಗಿ ಶಸ್ತ್ರಕ್ರಿಯೆಗೆ ಹೋದ ಪ್ರಸಂಗಗಳು ಪಶುವೈದ್ಯರಿಗೆ ಹೊಸವಲ್ಲ.

ಯಾವ ನೆಲವೇ ಇರಲಿ, ಅದಕ್ಕೆ ಇಳಿಜಾರು ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲವೂ ವ್ಯರ್ಥ. ಒಂದು ಅಡಿಗೆ ಕಾಲು ಅಂಗುಲ, ಎಂದರೆ ಎಂಟು ಅಡಿ ಉದ್ದದ ಗೂಡಿನ ಆ ತುದಿಗಿಂತ ಈ ತುದಿ ಎರಡು ಅಂಗುಲ ತಗ್ಗು. ಗೌಂಡಿಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ, ಒಂದು ತಂಬಿಗೆ ನೀರು ಸುರಿಸಿ ಹರಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೂಲಿ ಎಣಿಸಬೇಕು. ಹರಿದ ನೀರು ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಹೋಗಲಿ. ಕೊತ್ತಂಬರಿ, ಮೆಂತ್ಯದ ಮಡಿಗಳಿಗೆ ಮಾತ್ರ ಬೇಡ. ನಾಯಿಯ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ವರ್ಷಗಟ್ಟಲೆ ಬಾಳುವಂಥವು.

ಇಷ್ಟಾದರೂ ಅರ್ಧ ಕೆಲಸವಷ್ಟೇ ಆದಂತೆ. ತೊಳೆಯಲು ಹಿತವಾದ ನೆಲ ಮಲಗಲು ಹಿತವಲ್ಲ, ಇದು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಕಲ್ಲುಹಾಸಿನ ಮೇಲೆ ಮಲಗುತ್ತಿದ್ದೆವು. ಮಾರ್ಗಶಿರದ ಚಳಿಯಲ್ಲಿ ಬರಿಯ ಚಾಪೆ ಹಾಸಿದವನು ಬೆಳಗಿನ ಜಾವಕ್ಕೆ ಮುದುಡಿ ಎದ್ದು ಕೂರುತ್ತಿದ್ದ. ಹಿರಿಯರು ಕಂಬಳಿಯನ್ನು ಹೊದೆಯುವುದಕ್ಕಿಂತ ಮೊದಲು ಹಾಸಿಕೊಳ್ಳಿ ಎನ್ನುತ್ತಿದ್ದರು, ಕಲ್ಲು ಮೈಯ ಬಿಸಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ ಎಂದು. ಮುಧೋಳ ನಾಯಿಯನ್ನು ನೋಡಿರಿ: ಗಿಡ್ಡ ಕೂದಲು, ತೆಳು ಚರ್ಮ, ಮೈಮೇಲೆ ಕೊಬ್ಬಿಲ್ಲ, ಎಲುಬುಗಳೆಲ್ಲ ಎಣಿಸಲು ಬರುವಂತಿವೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿ ಬೆಳೆಸಿದ, 2005ರಲ್ಲಿ ಅಂಚೆ ಚೀಟಿಯನ್ನು ಅಲಂಕರಿಸಿದ ಈ ತಳಿ ಓಡಲು ಹುಟ್ಟಿದ್ದು, ಕಲ್ಲಿನ ಮೇಲೆ ಬಿದ್ದಿರಲು ಅಲ್ಲ. ಗಟ್ಟಿ ನೆಲದ ಮೇಲೆಯೇ ದಿನವೂ ಮಲಗಿದರೆ ಮೊಣಕೈ ಕೂದಲುದುರಿ ದಡ್ಡುಗಟ್ಟುತ್ತದೆ, ಕೆಲವಕ್ಕೆ ನೀರು ತುಂಬಿದ ಬಾವು ಬರುತ್ತದೆ.

ಆದ್ದರಿಂದ ಒಂದೇ ನೆಲದಿಂದ ಎರಡು ಕೆಲಸ ಬಯಸಬಾರದೆಂಬುದು ನಮ್ಮ ಅಭಿಪ್ರಾಯ. ಓಡಾಡಲು ತೊಳೆಯುವ ಗಟ್ಟಿ ನೆಲ, ಮಲಗಲು ನೆಲದಿಂದ ನಾಲ್ಕಾರು ಅಂಗುಲ ಎತ್ತರದ ಹಲಗೆ. ಹಲಗೆ ಗೋಡೆಗೆ ಮೊಳೆ ಹೊಡೆದದ್ದಾಗಿರದೆ ಎತ್ತಿಡುವಂತಿರಬೇಕು. ವಾರಕ್ಕೊಮ್ಮೆ ಮಗುಚಿ ಬಿಸಿಲಿಗೊಡ್ಡಿದರೆ ಅದರಡಿಯ ಉಣ್ಣಿಗಳ ಲೆಕ್ಕವೂ ಸಿಗುತ್ತದೆ. ಮೇಲೆ ಒಗೆದ ಗೋಣಿತಟ್ಟು ಇರಲಿ. ಹಳೆಯ ಹೊರಸಿಗೆ ಪಟ್ಟಿ ಬಿಗಿದು, ಕಾಲು ಕತ್ತರಿಸಿ ಕೊಟ್ಟರೆ ಬೇಸಗೆಗೆ ಅದಕ್ಕಿಂತ ಸುಖವಿಲ್ಲ, ಅಡಿಯಿಂದ ಗಾಳಿಯಾಡುತ್ತದೆ.

ತೊಳೆಯುವ ರೀತಿಯನ್ನೂ ಹೇಳಿಬಿಡುತ್ತೇವೆ. ಮೊದಲು ಮಲ ತೆಗೆದು, ಸಾಬೂನು ನೀರಿನಿಂದ ಉಜ್ಜಿ ಮೂತ್ರವೆಲ್ಲ ಹೋಗುವಂತೆ ನೀರು ಹೊಯ್ಯಬೇಕು. ಕೊಳೆಯ ಮೇಲೆ ಬ್ಲೀಚು ಸುರಿದರೆ ಅದರ ಶಕ್ತಿ ಕೊಳೆಗೇ ಖರ್ಚಾಗುತ್ತದೆ, ಮೂತ್ರದ ಅಮೋನಿಯದೊಡನೆ ಕೂಡಿ ಉಸಿರು ಕಟ್ಟಿಸುವ ಹೊಗೆಯೂ ಏಳುತ್ತದೆ. ಶುದ್ಧವಾದ ನೆಲಕ್ಕೆ ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹರಡಿ, ಹತ್ತು ನಿಮಿಷ ಬಿಟ್ಟು, ಮತ್ತೆ ತೊಳೆದು, ಒಣಗಿದ ಮೇಲೆ ನಾಯಿಯನ್ನು ಒಳಬಿಡಬೇಕು. ಪಾರ್ವೋ ವಿಷಾಣುವೂ ಇದಕ್ಕೆ ಮಣಿಯುತ್ತದೆ. ಫಿನಾಯಿಲು ಹೊಯ್ದು ಹಾಗೆಯೇ ಬಿಡುವ ರೂಢಿ ಸರಿಯಲ್ಲ, ನಾಯಿ ಪಾದ ನೆಕ್ಕುವ ಪ್ರಾಣಿ. ಶಹಾಬಾದ ಕಲ್ಲಿಗೆ ಆಮ್ಲ ಹಾಕಿ ಹೊಳಪು ತರಲು ಹೋಗಬಾರದು, ಸುಣ್ಣಕಲ್ಲು ಕರಗಿ ಗುಳಿ ಬೀಳುತ್ತದೆ.

ಆ ದಿನ ಹಿತ್ತಲಲ್ಲಿ ನಿಂತು ಯಜಮಾನರಿಗೆ ಇದನ್ನೆಲ್ಲ ಹೇಳಿದಾಗ ಅವರು ಮೌನವಾಗಿ ಕೇಳಿಸಿಕೊಂಡರು. ಸಂತೋಷದ ದಿನ ಹೇಳಬಾರದಿತ್ತೇನೋ ಎಂದು ಬರುವ ದಾರಿಯಲ್ಲಿ ನಾವೇ ಅಳುಕಿದೆವು. ಶ್ರಾವಣದಲ್ಲಿ ಮತ್ತೆ ಆ ಊರಿಗೆ ಹೋಗುವ ಪ್ರಸಂಗ ಬಂದಿತು. ಟೈಲ್ಸುಗಳನ್ನು ಕಿತ್ತು ಬಚ್ಚಲಿನ ಗೋಡೆಗೆ ಹಚ್ಚಿಸಿದ್ದರು. ಗೂಡಿಗೆ ಒರಟು ಫರಸಿ ಬಂದಿತ್ತು, ಮೂಲೆಯಲ್ಲಿ ಹಲಗೆಯೂ ಇತ್ತು. ಮನೆಯ ಚಿಕ್ಕ ಹುಡುಗಿ ತಂಬಿಗೆಯಲ್ಲಿ ನೀರು ತಂದು ಮೇಲಿನ ತುದಿಯಲ್ಲಿ ಸುರಿದು, ಅದು ಹರಿದು ತೆಂಗಿನ ಪಾತಿಗೆ ಬೀಳುವುದನ್ನು ನಮಗೆ ತೋರಿಸಿದಳು. ನಾಯಿ ಹಲಗೆಯ ಮೇಲಿಂದ ಇಳಿದು ನಮ್ಮ ಕಡೆಗೆ ನೆಟ್ಟಗೆ ನಡೆದು ಬಂದಿತು.