ಮುಖ್ಯೋಪಾಧ್ಯಾಯರ ಪೀಠ

ಮೇಲ್ವಿಚಾರಕರೊಬ್ಬರು ಮುಖ್ಯೋಪಾಧ್ಯಾಯರಾದರೆ ಅವರ ಅಧಿಕಾರ ಹೆಚ್ಚಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಹೆಚ್ಚುವುದು ಹೊಣೆಯೆಂದೇ ನನ್ನ ಅಭಿಪ್ರಾಯ. ವೇಳಾಪತ್ರಿಕೆ ಸಿದ್ಧಪಡಿಸುವುದು, ಶಿಕ್ಷಕರು ಬಾರದ ತರಗತಿಗೆ ಬೇರೊಬ್ಬರನ್ನು ಕಳುಹಿಸುವುದು ಮೇಲ್ವಿಚಾರಕರ ಕಾರ್ಯ. ಸಂಶಯ ಬಂದರೆ ಕೇಳಲು ಮೇಲೊಬ್ಬರಿರುತ್ತಾರೆ. ಮುಖ್ಯೋಪಾಧ್ಯಾಯರಿಗೆ ಶಾಲೆಯೊಳಗೆ ಆ ಆಸರೆಯಿಲ್ಲ. ನಿನ್ನೆಯ ಸಹೋದ್ಯೋಗಿಗಳ ತಪ್ಪನ್ನು ಇಂದು ತಾವೇ ತಿದ್ದಬೇಕು. ಮುಂದಿನ ವರ್ಷ ಒಂದನೆಯ ತರಗತಿಗೆ ಮಕ್ಕಳು ಬರುವರೇ ಎಂಬ ಚಿಂತೆಯನ್ನೂ ಹೊರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಮುಖ್ಯೋಪಾಧ್ಯಾಯರು ಬೇಕೆನ್ನುತ್ತದೆ. ಮಕ್ಕಳೇ ಆ ಪೀಠಕ್ಕೆ ಆಧಾರ. ಆದುದರಿಂದ ಪೀಠವೇರಿದವರು ದಿನಕ್ಕೊಂದು ಪಾಠವನ್ನಾದರೂ ತಪ್ಪದೆ ಮಾಡಬೇಕು. ತರಗತಿಯನ್ನು ಮರೆತವರಿಗೆ ಶಾಲೆಯ ನಾಡಿ ತಿಳಿಯದು. ಪ್ರಿಯ ವಿದ್ಯಾರ್ಥಿಗಳೇ, ನೀವೂ ನಿಮ್ಮ ನೆರೆಮನೆಯ ಕನ್ನಡದ ಮಗುವೊಂದನ್ನು ಈ ಶಾಲೆಗೆ ಕರೆತನ್ನಿ. ಆ ಹೊಣೆಯಲ್ಲಿ ನಿಮಗೂ ಪಾಲಿದೆ.